ತೊಗರಿ ಕೇಂದ್ರದ ಮಾದರಿ: ಉತ್ತರ ಯಾಕ ಬದಲಾಗ್ತದ

ಜೇವರ್ಗಿ ಕಡೆ ತೊಗರಿ ಖರೀದಿ ಕೇಂದ್ರ ಎಲ್ಲಿಡಬೇಕು ಅಂತ ನೆಟ್‌ಲೋಗೋದಾಗ (ಮಂದಿ ನಡವಳಿಕೆ ಕಂಪ್ಯೂಟರ್‌ನಾಗ ಅನುಕರಿಸೋ ತಂತ್ರಾಂಶ) ಮಾದರಿ ಓಡಿಸಿದ್ರ ಪ್ರತಿಸಲ ಬ್ಯಾರೆ ಊರು ಬರ್ತದ ಅಂದೀರಿ. ಅದು ದೋಷ ಅಲ್ಲರಿ, ಏಜೆಂಟ್‌ಗಳ (ಮಾದರಿಯೊಳಗಿನ ರೈತರು, ಅಡತಿಯವರ) ಸರದಿನೇ ರ್‍ಯಾಂಡಮ್. ಬಿಹೇವಿಯರ್‌ಸ್ಪೇಸ್‌ನಾಗ (ನೆಟ್‌ಲೋಗೋದಾಗ ಮಾದರಿ ಮತ್ತ ಮತ್ತ ಓಡಿಸೋ ಸಾಧನ) ಪ್ರತಿ ಜಾಗಕ್ಕ 100 ಸಲ ಓಡಿಸ್ರಿ. ಎಲ್ಲಾ ಜಾಗಕ್ಕೂ ಅವೇ 100 ಸೀಡ್ (ರ್ಯಾಂಡಮ್ ಸರದಿ ಶುರುಮಾಡೋ ಅಂಕಿ) ಇರಲಿ. ಸರಾಸರಿ ಜೊತಿ 10ನೇ, 90ನೇ ಪರ್ಸೆಂಟೈಲ್‌ನೂ (100 ಫಲಿತಾಂಶ ಸಣ್ಣದರಿಂದ ದೊಡ್ಡದಕ್ಕ ಜೋಡಿಸಿದ್ರ ಸುಮಾರು 10ನೇ, 90ನೇ ಜಾಗಕ್ಕ ಬರೋ ಅಂಕಿ) ನೋಡ್ರಿ.

ಖರೇ ತಪ್ಪು ಬ್ಯಾರೆ ಕಡೆ ಅದ: ನೇರ ಗೆರಿ ದೂರ ಹಾಕೀರಿ, ನಡುವ ಭೀಮಾ ನದಿ ಅದ! ಓಪನ್‌ಸ್ಟ್ರೀಟ್‌ಮ್ಯಾಪ್‌ನ (ಎಲ್ಲರಿಗೂ ಮುಕ್ತ ಇರೋ ನಕಾಶಿ) ರಸ್ತಾ ಜಾಲ ತೊಗೊಂಡು ಪ್ರತಿ ಕೊಂಡಿಗೆ (ರಸ್ತಾ ತುಂಡಿಗೆ) ಕಿ.ಮೀ. ಬದಲು ನಿಮಿಷ ಹಾಕ್ರಿ. ಬಿಟ್ವೀನ್‌ನೆಸ್ (ಎಷ್ಟು ಹತ್ತಿರದ ದಾರಿ ಅದರ ಮ್ಯಾಲ ಹಾದು ಹೋಗ್ತಾವ ಅನ್ನೋ ಅಳತಿ) ಹೆಚ್ಚಿರೋ ಸೇತುವೆ ದುರಸ್ತಿಗೆ ಮುಚ್ಚಿದ್ರ ಏನಾಗ್ತದ ಅಂತ ಅದನ್ನ ಜಾಲದಿಂದ ತೆಗೆದು ಓಡಿಸ್ರಿ. (ಖರೀದಿ ಸುಗ್ಗಿಯಾದ ಮ್ಯಾಲ, ಮಳಿ ಪ್ರವಾಹದ ಲೆಕ್ಕ ಇಲ್ಲಿ ಬ್ಯಾಡ.) ಸಾಲ ಕೊಟ್ಟ ಅಡತಿಯವರಿಗೇ ರೈತರು ಮಾರೋ ನಿಯಮ ಮಾದರಿಯೊಳಗ ಸೇರಿಸದ ಬಿಟ್ರ, ಕೇಂದ್ರಕ್ಕ ಬರೋ ಚೀಲ ಸುಳ್ಳೇ ಹೆಚ್ಚು ಕಾಣ್ತಾವ.