ಅಟ್ಟದ ಓಲೆಗರಿಗೆ ಕೊಬ್ಬರಿ ಎಣ್ಣೆ ಸವರಬೇಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಸಂಸ್ಕೃತ, ಹಸ್ತಪ್ರತಿ, ಪ್ರಾಚೀನ ಗ್ರಂಥಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾಸಾ, ವಿಮಾನ ಮತ್ತು ಮಗುವಿನ ಹೆಸರಿಗೆ ಸಂಬಂಧಿಸಿದವು. ಉತ್ತರ ಕೊಟ್ಟಷ್ಟೂ ಮತ್ತೆ ಬರುತ್ತವೆ. ಅವನ್ನು ಮೊದಲೇ ಮುಗಿಸಿಬಿಡುತ್ತೇನೆ. ಓಲೆಗರಿಯ ಬಗ್ಗೆ ಬಂದ ಒಂದು ಪತ್ರಕ್ಕೆ ಜಾಗ ಬೇಕು, ಅಲ್ಲಿ ಕಾಯುವಷ್ಟು ಸಮಯವೂ ಇಲ್ಲ.

ಪ್ರಶ್ನೆ: ಕಂಪ್ಯೂಟರಿಗೆ ಅತ್ಯಂತ ಸೂಕ್ತವಾದ ಭಾಷೆ ಸಂಸ್ಕೃತ ಎಂದು ನಾಸಾ ಘೋಷಿಸಿದೆಯಂತೆ. ನಿಜವೇ?

ಉತ್ತರ: ಘೋಷಿಸಿಲ್ಲ. 1985ರಲ್ಲಿ ನಾಸಾದ ಸಂಶೋಧನಾ ಕೇಂದ್ರವೊಂದರಲ್ಲಿದ್ದ ರಿಕ್ ಬ್ರಿಗ್ಸ್ ಎಂಬ ಸಂಶೋಧಕರು ಕೃತಕ ಬುದ್ಧಿಮತ್ತೆಯ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ವಾಕ್ಯದ ಅರ್ಥವನ್ನು ಬಿಡಿಸಿಡುವ ನಮ್ಮ ವೈಯಾಕರಣರ ಕ್ರಮಕ್ಕೂ ಯಂತ್ರಕ್ಕೆ ಅರ್ಥವನ್ನು ತಿಳಿಸಿಕೊಡುವ ಅಂದಿನ ಕ್ರಮಕ್ಕೂ ಹೋಲಿಕೆಯಿದೆ ಎಂಬುದು ಅವರ ವಾದ. ಒಳ್ಳೆಯ ಲೇಖನ. ಅದನ್ನು ಓದದವರೇ ಅದನ್ನು ಹೆಚ್ಚು ಹಂಚಿದ್ದಾರೆ. ಸುಮಾರು 4,000 ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಕಟ್ಟಿಕೊಟ್ಟ ಪಾಣಿನಿಗೆ ಯಾರ ಪ್ರಮಾಣಪತ್ರವೂ ಬೇಕಾಗಿಲ್ಲ.

ಪ್ರಶ್ನೆ: ಭರದ್ವಾಜರ ವೈಮಾನಿಕ ಶಾಸ್ತ್ರವನ್ನು ಏಕೆ ಮುಚ್ಚಿಡುತ್ತಿದ್ದೀರಿ?

ಉತ್ತರ: ಯಾರೂ ಮುಚ್ಚಿಟ್ಟಿಲ್ಲ, ಅಂಗಡಿಯಲ್ಲೇ ಸಿಗುತ್ತದೆ. ಅದು 20ನೇ ಶತಮಾನದ ಆರಂಭದಲ್ಲಿ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ಪಠ್ಯ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ಪಠ್ಯ ಪ್ರಾಚೀನವಲ್ಲ, ಅದರಲ್ಲಿರುವ ಯಂತ್ರಗಳು ಹಾರುವಂಥವೂ ಅಲ್ಲ ಎಂದು ತೋರಿಸಿದ್ದಾರೆ.

ಪ್ರಶ್ನೆ: ಯಾರೂ ಇಡದ, ಎರಡೇ ಅಕ್ಷರದ, ಸಂಸ್ಕೃತ ಮೂಲದ ಹೆಣ್ಣು ಮಗುವಿನ ಹೆಸರು ತಿಳಿಸಿ.

ಉತ್ತರ: ಯಾರೂ ಇಡದೆ ಉಳಿದ ಹೆಸರಿಗೆ ಸಾಮಾನ್ಯವಾಗಿ ತಕ್ಕ ಕಾರಣವಿರುತ್ತದೆ. ಮನೆಯ ಅಜ್ಜಿಯನ್ನು ಕೇಳಿ.

ಪ್ರಶ್ನೆ: ಶಿರಸಿ ಕಡೆಯ ನಮ್ಮ ಹಳೆಯ ಮನೆಯನ್ನು ಬಿಚ್ಚಿಸುವಾಗ ಅಟ್ಟದಲ್ಲಿ ಓಲೆಗರಿಯ ನಾಲ್ಕು ಕಟ್ಟುಗಳು ಸಿಕ್ಕಿವೆ. ಅಕ್ಷರ ಮಲಯಾಳದಂತೆ ಕಾಣುತ್ತದೆ, ಮಾಸಿಯೂ ಹೋಗಿದೆ. ಗರಿ ಒಣಗಿರುವುದರಿಂದ ಕೊಬ್ಬರಿ ಎಣ್ಣೆ ಹಚ್ಚಿ ಎಂದು ಪಕ್ಕದ ಮನೆಯವರು ಹೇಳಿದರು. ನೋಡಲು ಬಂದ ಪಂಡಿತರೊಬ್ಬರು ಇದರಲ್ಲಿ ಲೋಹವನ್ನು ಚಿನ್ನ ಮಾಡುವ ರಸವಿದ್ಯೆಯೂ ನಿಧಿಯ ಗುರುತೂ ಇದೆ, ಮೊದಲು ಶಾಂತಿ ಮಾಡಿಸಬೇಕು, ಆಮೇಲೆ ಕಟ್ಟನ್ನು ತಾವೇ ಒಯ್ದು ಓದಿ ತಿಳಿಸುವುದಾಗಿ ಹೇಳಿದ್ದಾರೆ. ಚಿಕ್ಕಪ್ಪನವರು ಇದೆಲ್ಲ ಬೇಡ, ಹೊಳೆಗೆ ಬಿಟ್ಟುಬಿಡೋಣ ಎನ್ನುತ್ತಾರೆ. ಇದಕ್ಕೆ ಎಷ್ಟು ಬೆಲೆ ಬರಬಹುದು? ಏನು ಮಾಡಬೇಕು?

ಉತ್ತರ: ಮೊದಲು ಎಣ್ಣೆಯ ಬಾಟಲಿಯನ್ನು ಅಡುಗೆಮನೆಗೆ ವಾಪಸು ಕಳುಹಿಸಿ. ನಿಮ್ಮ ಕಟ್ಟುಗಳ ಕೊನೆಯ ಗರಿಯನ್ನು ಓದಬಲ್ಲವರು ಓದಿದರೆ, ಬಹುಶಃ ಅಲ್ಲಿಯೇ ಇದಕ್ಕೆ ಉತ್ತರ ಸಿಕ್ಕೀತು. ಬರೆದು ಮುಗಿಸಿದ ಲಿಪಿಕಾರರು ಕೊನೆಯಲ್ಲಿ ಸೇರಿಸುತ್ತಿದ್ದ ಶ್ಲೋಕ ಇದು:

ತೈಲಾದ್ರಕ್ಷೇತ್ ಜಲಾದ್ರಕ್ಷೇತ್ ರಕ್ಷೇತ್ ಶಿಥಿಲಬಂಧನಾತ್ |
ಮೂರ್ಖಹಸ್ತೇ ನ ದಾತವ್ಯಂ ಏವಂ ವದತಿ ಪುಸ್ತಕಮ್ ||

ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖನ ಕೈಗೆ ಕೊಡಬೇಡಿ ಎಂದು ಪುಸ್ತಕವೇ ಬೇಡಿಕೊಳ್ಳುತ್ತಿದೆ. ನಿಮ್ಮ ಪತ್ರದಲ್ಲಿ ಎಣ್ಣೆ ಪಕ್ಕದ ಮನೆಯಿಂದ ಬಂದಿದೆ, ನೀರು ಚಿಕ್ಕಪ್ಪನಿಂದ. ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ.

ಕೊಬ್ಬರಿ ಎಣ್ಣೆ ಗರಿಯ ಮೇಲೆ ಜಿಡ್ಡಾಗಿ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ಕಮಟುತ್ತದೆ, ಧೂಳನ್ನೂ ಹುಳುವನ್ನೂ ಕರೆಯುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗರಿಗಳು ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ. ಸಂಸ್ಥೆಗಳಲ್ಲಿ ಎಣ್ಣೆ ಬಳಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬಳಸುತ್ತಾರೆ, ಅದು ನಿಂಬೆಹುಲ್ಲಿನ ಎಣ್ಣೆ, ಬೇಗ ಆವಿಯಾಗುವಂಥದ್ದು, ಹುಳು ಸೇರದಂಥದ್ದು. ಅದನ್ನೂ ಗರಿಯನ್ನು ಶುಚಿಗೊಳಿಸಿದ ಮೇಲೆ, ಎಷ್ಟು ಬೇಕೋ ಅಷ್ಟೇ, ತರಬೇತಿ ಪಡೆದವರು ಸವರುತ್ತಾರೆ. ಅಂಗಡಿಯಿಂದ ಅದೇ ಎಣ್ಣೆಯನ್ನು ತಂದು ನೀವೇ ಶುರು ಮಾಡಬೇಡಿ. ಒದ್ದೆ ಬಟ್ಟೆ ಬೇಡ, ಬಿಸಿಲು ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಹೂವೇರಿಸಿ, ಬಾಡಿದ ಹೂವನ್ನು ಮುಂದಿನ ವರ್ಷದವರೆಗೆ ಅಲ್ಲೇ ಬಿಡುವ ಭಕ್ತಿಯೂ ಬೇಡ. ಹೂವಿನ ತೇವದಿಂದ ಬೂಷ್ಟು ಹಿಡಿದು ಹಾಳಾದ ಕಟ್ಟುಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಕೈಮುಗಿಯುವವರು ದೂರದಿಂದಲೇ ಕೈಮುಗಿಯಲಿ.

ಅಕ್ಷರ ಮಾಸಿದೆ ಎಂದಿದ್ದೀರಿ. ಮಾಸುವುದಕ್ಕೆ ಅಲ್ಲಿ ಶಾಯಿಯೇ ಇರಲಿಲ್ಲ. ಗರಿಯನ್ನು ಬೇಯಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿ, ಮೊನಚಾದ ಕಬ್ಬಿಣದ ಕಂಟದಿಂದ ಅಕ್ಷರವನ್ನು ಕೊರೆಯುತ್ತಿದ್ದರು. ಆಮೇಲೆ ದೀಪದ ಕಾಡಿಗೆಯನ್ನು ಮೇಲೆ ಸವರಿ ಒರೆಸಿದರೆ, ಕೊರೆದ ಗೀರಿನಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಈಗ ಹೋಗಿರುವುದು ಆ ಕಪ್ಪು. ಗೀರು ಹಾಗೆಯೇ ಇರುತ್ತದೆ. ಗರಿಯನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದು ನೋಡಿ, ಸಾಲುಗಳು ನೆರಳಾಗಿ ಎದ್ದು ಬರುತ್ತವೆ. ಅಷ್ಟು ನೋಡಿ ಕೆಳಗಿಡಿ. ಒಲೆಯ ಮಸಿ ತಂದು ತಿಕ್ಕುವ ಸಾಹಸ ಮಾಡಬೇಡಿ. ಅದರೊಳಗಿನ ಮರಳಿನ ಕಣವೊಂದು ಗರಿಯ ಮೇಲೆ ಹೊಸ ಅಕ್ಷರವನ್ನೇ ಬರೆದುಬಿಡುತ್ತದೆ.

ಲಿಪಿ ಮಲಯಾಳವಲ್ಲ. ನಿಮ್ಮ ಸೀಮೆಯ ಕಟ್ಟು ಎಂದರೆ ಹೆಚ್ಚಾಗಿ ಅದು ತಿಗಳಾರಿ, ಕರಾವಳಿಯಲ್ಲಿ ತುಳು ಲಿಪಿ ಎಂದು ಕರೆಯುವಂಥದ್ದು. ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯಿಂದ ಎರಡೂ ಕವಲೊಡೆದದ್ದರಿಂದ ಮಲಯಾಳದಂತೆ ತೋರುತ್ತದೆ. ಹವ್ಯಕರ, ಶಿವಳ್ಳಿಯವರ ಮನೆಗಳಲ್ಲಿ ಸಂಸ್ಕೃತವನ್ನು ಬರೆದದ್ದು ಬಹುಪಾಲು ಇದರಲ್ಲೇ; ಮಾಧ್ವ ಮಠಗಳಲ್ಲಿ ದೇವನಾಗರಿಯನ್ನು ಹೋಲುವ ನಂದಿನಾಗರಿ ಲಿಪಿಯೂ ಉಂಟು. ಸಂಸ್ಕೃತ ಎಂದರೆ ದೇವನಾಗರಿ ಎಂಬ ಭ್ರಮೆ ನಮಗೆ ಅಚ್ಚಿನ ಪುಸ್ತಕಗಳಿಂದ ಬಂದದ್ದು. ತಿಗಳಾರಿಯನ್ನು ಸರಾಗವಾಗಿ ಓದುವವರು ಇಂದು ಕೆಲವೇ ಮಂದಿ. ಯೂನಿಕೋಡ್‌ನಲ್ಲಿ ಈ ಲಿಪಿಗೆ ಸ್ಥಾನ ಸಿಕ್ಕಿದ್ದೇ 2024ರಲ್ಲಿ. ಹೀಗಿರುವಾಗ ಕಟ್ಟನ್ನು ಬಿಚ್ಚದೆಯೇ ಒಳಗೆ ರಸವಿದ್ಯೆ ಇದೆ ಎಂದು ಹೇಳಿದವರಿಗೆ ಒಂದೇ ಪರೀಕ್ಷೆ ಸಾಕು. ಯಾವುದಾದರೂ ಒಂದು ಗರಿಯನ್ನು ಅವರ ಮುಂದಿಟ್ಟು, ಮೊದಲ ಎರಡು ಸಾಲನ್ನು ಗಟ್ಟಿಯಾಗಿ ಓದಿ ಎನ್ನಿ. ಪದಗಳ ನಡುವೆ ಬಿಡುವಿಲ್ಲದ ಬರಹ ಅದು. ಬಲ್ಲವರೂ ತಡವರಿಸುತ್ತಾರೆ, ಆದರೆ ಓದುತ್ತಾರೆ. ಬಾರದವರು ಕಣ್ಣು ಮುಚ್ಚಿ ಶಾಂತಿಯ ಖರ್ಚಿನ ಮಾತು ತೆಗೆಯುತ್ತಾರೆ. ಓದುವುದಕ್ಕೆ ಶಾಂತಿ ಬೇಕು ಎಂಬುದನ್ನು ನಾನು ಯಾವ ಗ್ರಂಥದಲ್ಲೂ ಕಂಡಿಲ್ಲ. ಕಟ್ಟನ್ನು ಮಾತ್ರ ಅವರ ಕೈಯಲ್ಲಿ ಕಳುಹಿಸಬೇಡಿ.

ಒಳಗೆ ಏನಿರಬಹುದು? ನಿಮಗೆ ನಿರಾಸೆಯಾದೀತು. ಮನೆಗಳಲ್ಲಿ ಸಿಗುವ ಕಟ್ಟುಗಳಲ್ಲಿ ಬಹುಪಾಲು ಉಪನಯನ, ವಿವಾಹ, ಶ್ರಾದ್ಧಗಳನ್ನು ಮಾಡಿಸುವ ಕ್ರಮ ತಿಳಿಸುವ ಪ್ರಯೋಗ, ಸ್ತೋತ್ರ, ಜ್ಯೋತಿಷದ ಗಣಿತ, ಅಮರಕೋಶವೆಂಬ ಸಂಸ್ಕೃತ ನಿಘಂಟು, ಒಂದಿಷ್ಟು ವೈದ್ಯ, ನಡುನಡುವೆ ಯಾರೋ ಯಾರಿಗೋ ಕೊಟ್ಟ ಸಾಲದ ಲೆಕ್ಕ. ನಿಧಿ ಇಲ್ಲ. ಆದರೆ ಇವನ್ನು ಸಾಮಾನ್ಯ ಎಂದು ತಳ್ಳಿಹಾಕುವವರ ಮೇಲೆ ನನಗೆ ನಿಧಿ ಹುಡುಕುವವರ ಮೇಲಿನಷ್ಟೇ ಸಿಟ್ಟು. ನಿಮ್ಮ ಮನೆತನದಲ್ಲಿ ಯಾವ ಸೂತ್ರದಂತೆ ಮದುವೆ ನಡೆಯುತ್ತಿತ್ತು, ಯಾವ ಕಷಾಯಕ್ಕೆ ಯಾವ ಬೇರು ಹಾಕುತ್ತಿದ್ದರು, ಮಕ್ಕಳಿಗೆ ಯಾವ ಶ್ಲೋಕದಿಂದ ಪಾಠ ಶುರುವಾಗುತ್ತಿತ್ತು ಎಂಬುದು ಅಚ್ಚಾದ ಪುಸ್ತಕದಲ್ಲಿ ಸಿಗುವುದಿಲ್ಲ. ಅಮರಕೋಶದ ನೂರೊಂದನೆಯ ಪ್ರತಿಯಾದರೂ ಅಂಚಿನಲ್ಲಿ ಯಾರೋ ಕನ್ನಡದ ಅರ್ಥವನ್ನು ಬರೆದಿಟ್ಟಿದ್ದರೆ ಅದು ಆ ಊರಿನ ಮಾತಿನ ದಾಖಲೆ. ಇನ್ನು, ಕೌಟಿಲ್ಯನ ಅರ್ಥಶಾಸ್ತ್ರ ಬಂದದ್ದೂ ಇಂಥದೇ ಕಟ್ಟಿನಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಗ್ರಂಥ ಲಿಪಿಯ ಓಲೆಗರಿಗಳನ್ನು ಒಪ್ಪಿಸಿದರು. 1905ರಲ್ಲಿ ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಅದು ಏನೆಂದು ಗುರುತಿಸಿದರು, 1909ರಲ್ಲಿ ಅಚ್ಚಾಯಿತು. ಅದುವರೆಗೆ ಆ ಕೃತಿ ಬೇರೆಯವರ ಉಲ್ಲೇಖಗಳಲ್ಲಿ ಮಾತ್ರ ಬದುಕಿತ್ತು. ಆ ಪಂಡಿತರ ಚಿಕ್ಕಪ್ಪನವರು ಹೊಳೆಯ ಸಲಹೆ ಕೊಟ್ಟಿರಲಿಲ್ಲ ಎಂದು ಕಾಣುತ್ತದೆ.

ಕಾಲದ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳದವರು ಅಪರೂಪ. ಸಾವಿರ ವರ್ಷ ಹಳೆಯದು ಎಂದು ಎಲ್ಲೂ ಹೇಳಿಕೊಳ್ಳಬೇಡಿ. ನಮ್ಮ ಮಳೆ, ನಮ್ಮ ಗೆದ್ದಲುಗಳ ನಡುವೆ ಗರಿ ಇನ್ನೂರು ಮುನ್ನೂರು ವರ್ಷ ಬಾಳಿದರೆ ದೊಡ್ಡದು. ಹಳೆಯದು ಸವೆದಾಗ ಹೊಸ ಗರಿಗೆ ಪ್ರತಿ ಮಾಡುತ್ತಿದ್ದರು. ಹಳೆಯದನ್ನು ನದಿಗೆ ಬಿಡುವ ವಾಡಿಕೆ ಇದ್ದದ್ದೂ ಪ್ರತಿ ಮುಗಿದ ಮೇಲೆಯೇ. ನಾವು ಪ್ರತಿ ಮಾಡುವುದನ್ನು ಬಿಟ್ಟು ನದಿಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಕೊನೆಯ ಗರಿಯಲ್ಲಿ ಪಾರ್ಥಿವ ಸಂವತ್ಸರ ಎಂದಷ್ಟೇ ಇದ್ದರೆ ಅದು 1885 ಆಗಬಹುದು, 1825 ಆಗಬಹುದು, 1765ಕ್ಕೂ ಅಡ್ಡಿಯಿಲ್ಲ. ಅರವತ್ತು ವರ್ಷಕ್ಕೊಮ್ಮೆ ಹೆಸರು ತಿರುಗಿ ಬರುತ್ತದೆ. ಶಕವರ್ಷ ಜೊತೆಗಿದ್ದರೆ ಮಾತ್ರ ನಂಬಿ.

ಈಗ ಕೆಲಸ. ಕಟ್ಟನ್ನು ಮೇಜಿನ ಮೇಲೆ ಒಣ ಹತ್ತಿ ಬಟ್ಟೆ ಹಾಸಿ ಇಡಿ. ದಾರ ಗಟ್ಟಿಯಿದ್ದರೆ ಬಿಚ್ಚಿ, ಜೀರ್ಣವಾಗಿದ್ದರೆ ಕತ್ತರಿಸಿ. ಎಳೆಯಬೇಡಿ, ಗರಿಯ ತೂತು ಹರಿಯುತ್ತದೆ. ಗರಿಗಳು ಸಿಕ್ಕಿದ ಕ್ರಮವನ್ನು ಬದಲಿಸಬೇಡಿ. ಎಡ ಅಂಚಿನಲ್ಲಿ ಸಂಖ್ಯೆ ಇದ್ದೇ ಇರುತ್ತದೆ ಎಂಬ ಧೈರ್ಯ ಬೇಡ, ಗೆದ್ದಲು ಮೊದಲು ತಿನ್ನುವುದೇ ಅಂಚನ್ನು. ಮೃದುವಾದ ಒಣ ಕುಂಚದಿಂದ ಧೂಳು ತೆಗೆಯಿರಿ. ಅಂಟಿಕೊಂಡ ಗರಿಗಳನ್ನು ಒಣಗಿದ ಹಪ್ಪಳ ಬಿಡಿಸಿದಂತೆ ಬಿಡಿಸಲು ಹೋದರೆ ಚೂರು ಮಾತ್ರ ಕೈಗೆ ಬರುತ್ತದೆ, ಹಾಗೆಯೇ ಬಿಡಿ. ಬಿಡಿಯಾದ ಗರಿಗಳನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಎರಡೂ ಬದಿ, ಫ್ಲ್ಯಾಶ್ ಹಾಕದೆ, ಪಕ್ಕದಿಂದ ಬೀಳುವ ಹಗಲು ಬೆಳಕಿನಲ್ಲಿ ಮೊಬೈಲಿನಲ್ಲೇ ಚಿತ್ರ ತೆಗೆಯಿರಿ. ಆಮೇಲೆ ಮೇಲೂ ಕೆಳಗೂ ಮರದ ಹಲಗೆಯಿಟ್ಟು, ಅಲುಗಾಡದಷ್ಟು ಬಿಗಿಯಾಗಿ ಕಟ್ಟಿ, ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಕಪಾಟಿನಲ್ಲಿಡಿ. ಬಜೆಯ ಬೇರಿನ ಪುಡಿಯನ್ನು ಪುಟ್ಟ ಗಂಟು ಕಟ್ಟಿ ಪಕ್ಕದಲ್ಲಿಡಬಹುದು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ.

ಚಿತ್ರಗಳನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ, ತಿಗಳಾರಿ ಸಂಗ್ರಹವಿರುವ ಕೆಳದಿಯ ವಸ್ತುಸಂಗ್ರಹಾಲಯಕ್ಕೋ ತೋರಿಸಿ. ಕೇಂದ್ರ ಸರ್ಕಾರ 2003ರಲ್ಲಿ ಹಸ್ತಪ್ರತಿಗಳಿಗೆಂದೇ ರಾಷ್ಟ್ರೀಯ ಮಿಷನ್ ಆರಂಭಿಸಿತ್ತು. 2025ರ ಬಜೆಟ್‌ನಲ್ಲಿ 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಗೆಂದು ಜ್ಞಾನ ಭಾರತಂ ಮಿಷನ್ ಘೋಷಣೆಯಾಗಿದೆ. ನಿಮ್ಮ ನಾಲ್ಕು ಕಟ್ಟುಗಳು ಆ ಲೆಕ್ಕಕ್ಕೆ ಸೇರಲಿ. ಚಿತ್ರ ತೆಗೆಯಲು ಕೊಟ್ಟ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ಕಟ್ಟನ್ನೇ ಒಪ್ಪಿಸುವುದಾದರೆ, ಎಷ್ಟೇ ದೊಡ್ಡ ಸಂಸ್ಥೆಯಾಗಿರಲಿ, ಗರಿಗಳ ಸಂಖ್ಯೆ ಬರೆದ ರಸೀದಿ ಪಡೆಯದೆ ಮೆಟ್ಟಿಲಿಳಿಯಬೇಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಅನುಮಾನದ ಮನುಷ್ಯ. ರಸೀದಿ ಇಲ್ಲದೆ ಒಳಗೆ ಹೋದ ಕಟ್ಟು ಎಲ್ಲಿದೆ ಎಂದು ಹತ್ತು ವರ್ಷದ ಮೇಲೆ ಯಾರನ್ನು ಕೇಳುತ್ತೀರಿ?

ಬೆಲೆ? 1972ರ ಪ್ರಾಚೀನ ವಸ್ತು ಹಾಗೂ ಕಲಾನಿಧಿ ಕಾಯ್ದೆಯ ಪ್ರಕಾರ ವೈಜ್ಞಾನಿಕ, ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ, 75 ವರ್ಷ ದಾಟಿದ ಹಸ್ತಪ್ರತಿ ಪ್ರಾಚೀನ ವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವುದು ಅಪರಾಧ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಫೋನಿನಲ್ಲಿ ಲಕ್ಷಗಳ ಮಾತಾಡುವವರಿಗೆ ಈ ಕಾಯ್ದೆಯ ಹೆಸರು ಹೇಳಿ ನೋಡಿ, ಕರೆ ತಾನಾಗಿ ಕಡಿತವಾಗುತ್ತದೆ.

ಪ್ರಶ್ನೆ: ಗಾಯತ್ರಿಯನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ತೋಳು. ಹಾಕುವವರಿಗೆ ಒತ್ತಕ್ಷರ ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಪ್ರಶ್ನೆ: 30 ದಿನಗಳಲ್ಲಿ ಸಂಸ್ಕೃತ ಕಲಿತು ಉಪನಿಷತ್ತನ್ನು ಮೂಲದಲ್ಲೇ ಓದಬಹುದೇ?

ಉತ್ತರ: ಇಲ್ಲ.

ಪ್ರಶ್ನೆ: ವಿಷ್ಣುಸಹಸ್ರನಾಮವನ್ನು ಮೊಬೈಲಿನಲ್ಲಿ ಕೇಳಿ ಕಲಿತೆ. ಉಚ್ಚಾರ ತಪ್ಪಿದರೆ ಮನೆಗೆ ಕೇಡು, ಪ್ರಾಯಶ್ಚಿತ್ತ ಮಾಡಿಸಿ ಎಂದು ಒಬ್ಬರು ಹೆದರಿಸಿದ್ದಾರೆ.

ಉತ್ತರ: ಹೆದರಿಸಿದವರು ತ್ವಷ್ಟೃವಿನ ಕಥೆಯನ್ನು ಅರ್ಧ ಕೇಳಿದ್ದಾರೆ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಯಜ್ಞ ಮಾಡಿದ ತ್ವಷ್ಟೃ, ಮಂತ್ರದಲ್ಲಿ ಸ್ವರ ತಪ್ಪಿದ್ದರಿಂದ ಇಂದ್ರನಿಂದಲೇ ಸಾಯುವ ಮಗನನ್ನು ಪಡೆದ ಎಂಬ ಕಥೆ ಅದು. ಉದಾತ್ತ, ಅನುದಾತ್ತ ಎಂಬ ಏರಿಳಿತದ ಸ್ವರಗಳಿರುವ ವೇದಮಂತ್ರದ ಮಾತು. ಸಹಸ್ರನಾಮ ಮಹಾಭಾರತದ ಅನುಶಾಸನ ಪರ್ವದ್ದು, ಅದಕ್ಕೆ ಆ ಸ್ವರಗಳೇ ಇಲ್ಲ. ಧೈರ್ಯವಾಗಿ ಹೇಳಿಕೊಳ್ಳಿ, ಆದರೆ ಮಹಾಪ್ರಾಣವನ್ನು ನುಂಗಬೇಡಿ, ಬಲ್ಲವರ ಮುಂದೆ ಒಮ್ಮೆ ಹೇಳಿ ತಿದ್ದಿಸಿಕೊಳ್ಳಿ. ಉಚ್ಚಾರಣೆಯನ್ನು ಕಲಿಸುವ ‘ಪಾಣಿನೀಯ ಶಿಕ್ಷೆ’ ಎಂಬ ಗ್ರಂಥ ಕೆಟ್ಟ ಪಾಠಕರು ಆರು ಬಗೆ ಎಂದು ಪಟ್ಟಿ ಮಾಡುತ್ತದೆ: ರಾಗ ಎಳೆಯುವವನು, ಓಡಿಸುವವನು, ತಲೆ ಅಲ್ಲಾಡಿಸುವವನು, ಬರೆದದ್ದನ್ನು ನೋಡಿಕೊಂಡು ಓದುವವನು, ಅರ್ಥ ತಿಳಿಯದವನು, ದನಿ ಸಾಲದವನು. ಪ್ರಾಯಶ್ಚಿತ್ತಕ್ಕೆ ಹಣ ಕೇಳಿದವರು ಈ ಆರರಲ್ಲಿ ಎಷ್ಟರಿಂದ ಪಾರಾಗುತ್ತಾರೆ ಎಂಬುದನ್ನು ಅವರ ಮುಂದಿನ ಪಾರಾಯಣದಲ್ಲಿ ಕುಳಿತು ಎಣಿಸಿ ನೋಡಿ.