ಗೆದ್ದವರು ಅಂದರೆ, ಸೋತವರು ಯಾರು?

ಪ್ರಿಯರೇ, ನಮಸ್ಕಾರ.

ಬದುಕುಳಿಯುವ ಹೋರಾಟದ ಸಿನಿಮಾಗಳ ಬಗ್ಗೆ ನೀವು ಬರೆದ ‘ಸಾವನ್ನು ಗೆದ್ದವರು’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. ಈ ಸಿನಿಮಾಗಳು ನಿಮ್ಮನ್ನು ನಿದ್ದೆಗೆಡಿಸಿವೆ ಅನ್ನುವುದು ಓದುವಾಗ ಗೊತ್ತಾಗುತ್ತದೆ. ಅದಕ್ಕೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಆರು ಪುಟದಲ್ಲಿ ಹನ್ನೊಂದು ಸಿನಿಮಾ ತುರುಕಿದ್ದೀರಿ. ಹಿಮ, ಮರಳುಗಾಡು, ಕಡಲು, ಗುಹೆ ಎಲ್ಲ ಬಂದುಹೋಗುತ್ತವೆ, ಯಾವುದೂ ನಿಲ್ಲುವುದಿಲ್ಲ. ಎಲ್ಲದಕ್ಕೂ ‘ಮೈನವಿರೇಳಿಸುವ’ ಎಂಬ ಒಂದೇ ಮಾತು. ಎರಡು ಪ್ರಸಂಗ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡಿ.

ಮೊದಲನೆಯದು, ರಾಬರ್ಟ್ ಫ್ಲಾಹರ್ಟಿಯವರ 1922ರ ‘ನಾನೂಕ್ ಆಫ್ ದ ನಾರ್ತ್’. ‘ಸಾಕ್ಷ್ಯಚಿತ್ರ ಇದ್ದದ್ದನ್ನು ತೋರಿಸುತ್ತದೆ, ಕಥಾಚಿತ್ರ ಕಟ್ಟಿ ಹೇಳುತ್ತದೆ’ ಎಂದು ಗೆರೆ ಎಳೆದು ಇದನ್ನೇ ಉದಾಹರಣೆ ಕೊಟ್ಟಿದ್ದೀರಿ. ಆ ಗೆರೆ ನಿಲ್ಲದಿರುವುದೇ ಈ ಚಿತ್ರದಲ್ಲಿ. ಚಿತ್ರದಲ್ಲಿ ನಾನೂಕ್ ಆಗಿ ಕಾಣುವವರು ಕೆನಡಾದ ಹಡ್ಸನ್ ಕೊಲ್ಲಿಯ ದಂಡೆಯಲ್ಲಿದ್ದ ಇನುಯಿಟ್ ಬೇಟೆಗಾರರು, ಹಿಮನಾಡಿನ ಮೂಲನಿವಾಸಿ; ನಿಜವಾದ ಹೆಸರು ಅಲ್ಲಕರಿಯಲ್ಲಾಕ್. ಅಷ್ಟು ಹೊತ್ತಿಗೆ ಅಲ್ಲಿಗೆ ಬಂದೂಕು ಬಂದಾಗಿತ್ತು. ಫ್ಲಾಹರ್ಟಿ ಅಜ್ಜಂದಿರ ಕಾಲದ ಈಟಿಯಿಂದ ಬೇಟೆಯಾಡಿಸಿದರು. ಹಿಮದ ಮನೆ ಇಗ್ಲೂ ಒಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆ ಒಂದು ಪಕ್ಕ ಪೂರ್ತಿ ತೆರೆದ ಇಗ್ಲೂ ಕಟ್ಟಿಸಿದರು. ಒಳಗೆ ಬೆಚ್ಚಗೆ ಮಲಗುವಂತೆ ಕಾಣುವ ಸಂಸಾರ ಕೊರೆಯುವ ಚಳಿಗೆ ಮೈಯೊಡ್ಡಿಕೊಂಡಿದೆ. ಅಲ್ಲಕರಿಯಲ್ಲಾಕ್ ಹಸಿವಿನಿಂದ ಸತ್ತರು ಎಂದು ಫ್ಲಾಹರ್ಟಿ ಆಮೇಲೆ ಹೇಳಿದರು. ತೀರಿಕೊಂಡದ್ದು ಮನೆಯಲ್ಲಿ, ಬಹುಶಃ ಕ್ಷಯದಿಂದ. ಚಿತ್ರಕ್ಕೆ ಒಪ್ಪುವ ಸಾವನ್ನೂ ಅವರ ಹೆಸರಿಗೆ ಬರೆದದ್ದಾಯಿತು. ಆದರೂ ಹಿಮವನ್ನು ಇಟ್ಟಿಗೆಯಂತೆ ಕೊಯ್ದು ಜೋಡಿಸುವ, ಕಿಟಕಿಗೆ ಮಂಜುಗಡ್ಡೆಯ ಹಲಗೆ ಕೂರಿಸುವ ಆ ಕೈಗಳ ಕಸುಬು ಸುಳ್ಳಲ್ಲ. ಎರಡನ್ನೂ ಒಟ್ಟಿಗೇ ಹೇಳಬೇಕು. ಕಷ್ಟ, ಆದರೆ ಬರೆಯುವ ಕೆಲಸ ಇರುವುದೇ ಅಲ್ಲಿ.

ಎರಡನೆಯದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳದ್ದು. 1972ರ ಅಕ್ಟೋಬರ್ 13ರಂದು ಉರುಗ್ವೆಯ ವಿಮಾನ ಪರ್ವತಕ್ಕೆ ಬಡಿಯಿತು. 45 ಜನರಿದ್ದರು, 72 ದಿನಗಳ ನಂತರ 16 ಮಂದಿ ಬದುಕಿ ಹೊರಬಂದರು. ನೀವು ಅವರನ್ನು ಎರಡು ಕಡೆ ‘ನರಭಕ್ಷಕರು’ ಎಂದಿದ್ದೀರಿ. ಈ ಒಂದು ಪದಕ್ಕೇ ನಾನು ಲೇಖನವನ್ನು ಪಕ್ಕಕ್ಕಿಟ್ಟು ಎದ್ದುಹೋದೆ. ನಮ್ಮ ಪತ್ರಿಕೆಗಳಲ್ಲಿ ಆ ಪದ ಬರುವುದು ಕಾಡಂಚಿನ ಊರಿಗೆ ನುಗ್ಗಿದ ಹುಲಿಗೆ. ಇವರು, ನಾನು ಸತ್ತರೆ ನನ್ನ ದೇಹವನ್ನು ತಿಂದು ನೀವು ಬದುಕಿ ಎಂದು ಒಬ್ಬರಿಗೊಬ್ಬರು ಮಾತು ಕೊಟ್ಟವರು. ಆ ಮಾತನ್ನು ನೀವು ಬರೆದೇ ಇಲ್ಲ. ಪದ ಸಿಕ್ಕಿತು, ಮನುಷ್ಯರು ಕಳೆದುಹೋದರು.

ಶೀರ್ಷಿಕೆಯ ಬಗ್ಗೆಯೂ ನನಗೆ ಇದೇ ತಕರಾರು. ಹದಿನಾರು ಜನ ಗೆದ್ದವರಾದರೆ ಉಳಿದ ಇಪ್ಪತ್ತೊಂಬತ್ತು ಜನ ಸೋತವರೇ? ಅಕ್ಟೋಬರ್ 29ರ ರಾತ್ರಿ ಮುರಿದ ವಿಮಾನದೊಳಗೆ ಮಲಗಿದ್ದವರ ಮೇಲೆ ಹಿಮಪಾತ ನುಗ್ಗಿ ಎಂಟು ಜನ ಸತ್ತರು. ಅವರಲ್ಲಿ ಛಲಕ್ಕೇನು ಕೊರತೆ ಇತ್ತು? ಜೆ. ಎ. ಬಯೋನಾ 2023ರಲ್ಲಿ ‘ಸೊಸೈಟಿ ಆಫ್ ದ ಸ್ನೋ’ ಮಾಡಿದಾಗ ಕಥೆ ಹೇಳುವ ದನಿಯನ್ನು ನೂಮಾ ತುರ್ಕಾಟಿಗೆ ಕೊಟ್ಟರು. ದಾರಿ ಹುಡುಕಲು ಮೊದಮೊದಲು ಹೊರಟವರಲ್ಲಿ ಒಬ್ಬರು, ಕಾಲಿನ ಗಾಯ ನಂಜೇರಿ ಡಿಸೆಂಬರ್ 11ರಂದು ತೀರಿಕೊಂಡವರು. ಸತ್ತವರೊಬ್ಬರು ನಮಗೆ ಕಥೆ ಹೇಳುತ್ತಾರೆ. ಗೊನ್ಸಾಲೋ ಅರಿಹೋನ್ ಅವರ 2007ರ ಸಾಕ್ಷ್ಯಚಿತ್ರ ‘ಸ್ಟ್ರಾಂಡೆಡ್’ಗೆ ಇದು ಸಾಧ್ಯವಿರಲಿಲ್ಲ, ಅಲ್ಲಿ ಮಾತಾಡಲು ಬದುಕಿ ಬಂದವರೇ ಇರುವುದು. ಅವರು ವಯಸ್ಸಾದ ಮುಖಗಳಲ್ಲಿ, ಮಧ್ಯೆ ಮಧ್ಯೆ ಮಾತು ನಿಲ್ಲಿಸಿ ಹೇಳುವುದು ಯಾವ ನಟನಿಗೂ ಬರುವುದಿಲ್ಲ. ನೀವು ಎರಡನ್ನೂ ನೋಡಿದ್ದೀರಿ. ಯಾವುದು ಹೆಚ್ಚು ‘ನೈಜ’ ಎಂದು ಅಂಕ ಹಾಕುವ ಬದಲು, ಯಾವುದರಲ್ಲಿ ಯಾರಿಗೆ ಬಾಯಿ ಬಂತು ಎಂದು ಯಾಕೆ ಕೇಳಲಿಲ್ಲ?

ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: ‘ಮಲಗುವ ಚೀಲವೊಂದನ್ನು ಹೊಲಿದುಕೊಂಡು ಹೊರಟರು.’ ಇಡೀ ಲೇಖನದಲ್ಲಿ ನನಗೆ ಇಷ್ಟವಾದ ಸಾಲು ಇದೊಂದೇ, ಆದರೆ ನೀವು ಅಲ್ಲಿ ನಿಲ್ಲದೆ ಓಡಿದ್ದೀರಿ. ಆಂಡಿಸ್‌ನಲ್ಲಿ ದಾರಿ ಹುಡುಕಲು ಹೊರಟವರು ಅದಕ್ಕೆ ಮುಂಚೆ ಬಯಲಲ್ಲಿ ಒಂದು ರಾತ್ರಿ ಕಳೆದು ಸಾವಿನ ಅಂಚಿಗೆ ಹೋಗಿಬಂದಿದ್ದರು. ಚೀಲವಿಲ್ಲದೆ ಬೆಟ್ಟ ಹತ್ತುವ ಹಾಗಿರಲಿಲ್ಲ. ವಿಮಾನದ ಬಾಲದ ತುಂಡಿನಲ್ಲಿ ಶಾಖ ತಡೆಯುವ ಹಾಸು ಸಿಕ್ಕಿತು. ಚಿಕ್ಕಂದಿನಲ್ಲಿ ಅಮ್ಮನಿಂದ ಹೊಲಿಗೆ ಕಲಿತಿದ್ದ ಕಾರ್ಲಿಟೋಸ್ ಪಯೇಸ್ ಸೂಜಿ ಹಿಡಿದು ಕೂತರು, ಉಳಿದವರಿಗೂ ಕಲಿಸಿದರು. ರಗ್ಬಿ ಆಡುತ್ತಿದ್ದ ಹುಡುಗರು, ಮರಗಟ್ಟಿದ ಬೆರಳು, ಒಂದೊಂದೇ ಹೊಲಿಗೆ. ಜೀವ ಹಿಡಿದುಕೊಳ್ಳುವುದು ಅಂದರೆ ಇದು. ನೀವು ಇಪ್ಪತ್ತಕ್ಕೂ ಹೆಚ್ಚು ಸಲ ಬಳಸಿದ ‘ಬದುಕುಳಿಯುವಿಕೆ’ ಎಂಬ ಪದದೊಳಗೆ ಈ ಸೂಜಿ ಕಾಣುವುದಿಲ್ಲ.

ಕೊನೆಯಲ್ಲಿ ಆ ಹದಿನಾರು ಜನರಲ್ಲಿ ಇಬ್ಬರು, ಪರಾಡೋ ಮತ್ತು ಕನೆಸ್ಸಾ, ಸಹಾಯ ಹುಡುಕಿ ಹತ್ತು ದಿನ ನಡೆದದ್ದನ್ನು ಹೇಳಿ, ‘ಸಹಾಯ ದೊರೆಯಿತು’ ಎಂದು ಮುಗಿಸಿದ್ದೀರಿ. ಆ ಸಹಾಯಕ್ಕೆ ಸೆರ್ಹಿಯೋ ಕತಲಾನ್ ಎಂಬ ಹೆಸರಿದೆ. ಚಿಲಿಯ ದನಗಾಹಿ. ಹೊಳೆಯ ಭೋರ್ಗರೆತಕ್ಕೆ ಮಾತು ಕೇಳಿಸದೆ, ಕಾಗದ ಪೆನ್ಸಿಲನ್ನು ಕಲ್ಲಿಗೆ ಸುತ್ತಿ ಆಚೆ ದಡಕ್ಕೆ ಎಸೆದವರು; ಅವರು ಬರೆದು ವಾಪಸ್ ಎಸೆದದ್ದನ್ನು ಓದಿ, ತನ್ನಲ್ಲಿದ್ದ ರೊಟ್ಟಿ ಎಸೆದು, ಕುದುರೆ ಹತ್ತಿ ಸುದ್ದಿ ಮುಟ್ಟಿಸಲು ಹೊರಟವರು. ಅವರನ್ನು ಲೇಖನದೊಳಗೆ ಕರೆತನ್ನಿ.

ಒಂಬೈನೂರು ಪದ ಸಾಕು. ಶೀರ್ಷಿಕೆ ಕೊನೆಗೆ ಇಡಿ. ಬರೆಯುವ ಮುಂಚೆ ಅರಿಹೋನ್ ಅವರ ಚಿತ್ರವನ್ನು ಇನ್ನೊಮ್ಮೆ ನೋಡಿ. ಈ ಸಲ ಬದುಕಿ ಬಂದವರು ಯಾವ ಮಾತಿಗೆ ತಡೆದು ನಿಲ್ಲುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಮುಂದಿನ ತಿಂಗಳ ಸಂಚಿಕೆಗೆ ಜಾಗ ಹಿಡಿದಿಟ್ಟಿರುತ್ತೇನೆ.

ಇಂತಿ,
ಸಂಪಾದಕ