ಆಟ ಮುಂಬೈಯಲ್ಲಿ, ಆಟಗಾರ ಮಂಡ್ಯದಲ್ಲಿ

ಈ ಬಾರಿ ‘ಓದುಗರ ಪ್ರಶ್ನೆ’ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಕ್ಲೌಡ್ ಗೇಮಿಂಗ್ ಕುರಿತಾಗಿಯೇ ಇದ್ದವು. ಅವುಗಳನ್ನು ಒಟ್ಟಿಗೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. 1.20 ಲಕ್ಷ ರೂಪಾಯಿಯ ಗೇಮಿಂಗ್ ಲ್ಯಾಪ್‌ಟಾಪ್ ಬೇಕೆಂದು ಆರು ತಿಂಗಳಿಂದ ದುಂಬಾಲು ಬಿದ್ದಿದ್ದವನು ಈಗ, ‘ಅದು ಬೇಡ, ತಿಂಗಳಿಗಿಷ್ಟು ಎಂದು ಚಂದಾ ಕಟ್ಟಿದರೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ ದೊಡ್ಡ ದೊಡ್ಡ ಆಟಗಳನ್ನು ಆಡಬಹುದು’ ಎನ್ನುತ್ತಿದ್ದಾನೆ. ಇದು ನಿಜವೇ? ರಜೆಗೆ ಊರಿಗೆ ಬಂದಾಗಲೂ ನಡೆಯುತ್ತದೆಯೇ?
ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮ ಮಗ ಹೇಳುತ್ತಿರುವುದು ನಿಜ, ಆದರೆ ಪೂರ್ತಿ ಹೇಳಿಲ್ಲ. ಕ್ಲೌಡ್ ಗೇಮಿಂಗ್‌ನಲ್ಲಿ ಆಟ ನಡೆಯುವುದು ಅವನ ಲ್ಯಾಪ್‌ಟಾಪಿನಲ್ಲಲ್ಲ, ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿರುವ ಬಲವಾದ ಕಂಪ್ಯೂಟರಿನಲ್ಲಿ. ಅವನು ಗುಂಡಿ ಒತ್ತಿದ ಸುದ್ದಿ ಇಂಟರ್‌ನೆಟ್ ಮೂಲಕ ಅಲ್ಲಿಗೆ ಮುಟ್ಟುತ್ತದೆ, ಅಲ್ಲಿನ ಗ್ರಾಫಿಕ್ಸ್ ಕಾರ್ಡು ಮುಂದಿನ ದೃಶ್ಯವನ್ನು ರಚಿಸುತ್ತದೆ, ಆ ದೃಶ್ಯ ವಿಡಿಯೊ ಆಗಿ ಇವನ ಪರದೆಗೆ ಮರಳುತ್ತದೆ. ಮನೆಯಲ್ಲಿರುವ ಯಂತ್ರಕ್ಕೆ ವಿಡಿಯೊ ತೋರಿಸುವಷ್ಟು ತ್ರಾಣವಿದ್ದರೆ ಸಾಕಾದ್ದರಿಂದ ಹಳೆಯ ಲ್ಯಾಪ್‌ಟಾಪು, ಸ್ಮಾರ್ಟ್ ಟಿವಿ, ಕೊನೆಗೆ ಕೈಯಲ್ಲಿರುವ ಮೊಬೈಲು ಕೂಡ ನಡೆಯುತ್ತದೆ.

ಇಷ್ಟು ಕೇಳಿದ ಕೂಡಲೇ ಬಹಳ ಮಂದಿ, ‘ಹಾಗಾದರೆ ಯೂಟ್ಯೂಬ್ ನೋಡಿದಂತೆಯೇ ಆಯಿತಲ್ಲ, ನಮ್ಮ ಮನೆಯಲ್ಲಿ 100 ಎಂಬಿಪಿಎಸ್ ಇದೆ’ ಎಂದುಬಿಡುತ್ತಾರೆ. ಲೆಕ್ಕ ತಪ್ಪುವುದು ಇಲ್ಲಿಯೇ. ಯೂಟ್ಯೂಬ್ ಮುಂದಿನ ಹಲವು ಸೆಕೆಂಡುಗಳ ವಿಡಿಯೊವನ್ನು ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ; ನಡುವೆ ಲೈನು ಒಂದು ಗಳಿಗೆ ತಡವರಿಸಿದರೂ ನಮಗದು ಗೊತ್ತಾಗುವುದಿಲ್ಲ. ಆಟದಲ್ಲಿ ಹಾಗಾಗದು. ಆಟಗಾರ ಮುಂದಿನ ಕ್ಷಣ ಎಡಕ್ಕೆ ತಿರುಗುತ್ತಾನೋ ಬಲಕ್ಕೋ ಎಂಬುದು ಸರ್ವರಿಗೆ ತಿಳಿದಿರುವುದಿಲ್ಲವಾದ್ದರಿಂದ, ಇನ್ನೂ ಹುಟ್ಟದ ದೃಶ್ಯವನ್ನು ಅದು ಮುಂಚಿತವಾಗಿ ಕಳಿಸಲಾರದು. ಹಾಗಾಗಿ ನೋಡಬೇಕಾದದ್ದು ವೇಗವನ್ನಷ್ಟೇ ಅಲ್ಲ, ವಿಳಂಬವನ್ನು. ಆಡುವ ಹುಡುಗರ ಮಾತಿನಲ್ಲಿ ಹೇಳುವುದಾದರೆ ಪಿಂಗ್ ಮತ್ತು ಲ್ಯಾಗ್ ಅನ್ನು.

ದೂರದಿಂದಾಗುವ ವಿಳಂಬ ನಾವು ಹೆದರುವಷ್ಟಿಲ್ಲ. ನಮ್ಮ ದೇಶದ ದೊಡ್ಡ ಡೇಟಾ ಸೆಂಟರುಗಳು ಬಹುಪಾಲು ಮುಂಬೈ, ಚೆನ್ನೈ, ಹೈದರಾಬಾದುಗಳ ಸುತ್ತ ಇವೆ. ಆಪ್ಟಿಕಲ್ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮಂಡ್ಯದಿಂದ ಮುಂಬೈಗೆ ಕೇಬಲಿನ ದಾರಿ 1,100 ಕಿಲೋಮೀಟರ್ ಎಂದಿಟ್ಟುಕೊಂಡರೂ ಹೋಗಿ ಬರಲು 11 ಮಿಲಿಸೆಕೆಂಡು ಸಾಕು. ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುವ ಆಟದಲ್ಲಿ ಒಂದು ಚಿತ್ರದ ಆಯಸ್ಸೇ ಸುಮಾರು 16.7 ಮಿಲಿಸೆಕೆಂಡು. ಆದರೆ ದೃಶ್ಯವನ್ನು ರಚಿಸಲು, ಅದನ್ನು ವಿಡಿಯೊ ಆಗಿ ಕುಗ್ಗಿಸಲು, ಇಲ್ಲಿ ಬಿಚ್ಚಿ ತೋರಿಸಲು, ನಡುವಿನ ಒಂದೊಂದು ಕಂಪನಿಯ ಜಾಲವನ್ನು ದಾಟಲು ಸ್ವಲ್ಪ ಸ್ವಲ್ಪವೇ ಹೊತ್ತು ಸೇರಿಕೊಳ್ಳುತ್ತದೆ. ಟಿವಿಯಲ್ಲಿ ಆಡುವವರು ಅದರ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಹಾಕಿಕೊಳ್ಳದಿದ್ದರೆ ಚಿತ್ರವನ್ನು ಅಂದಗಾಣಿಸುವ ನೆಪದಲ್ಲಿ ಆ ಟಿವಿಯೇ ಇನ್ನಷ್ಟು ಹೊತ್ತು ನುಂಗುತ್ತದೆ.

ನೂರು ಮಿಲಿಸೆಕೆಂಡು ಯಾವ ಮಹಾ ಎನ್ನಿಸಬಹುದು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಅಷ್ಟು ಹೊತ್ತಿನಲ್ಲಿ ಹೆಚ್ಚುಕಡಿಮೆ 4 ಮೀಟರ್ ಮುಂದೆ ಬಂದಿರುತ್ತದೆ. ಕುವೆಂಪುನಗರದ ನಮ್ಮ ಮನೆಯಲ್ಲಿ ನಾನು ಇಂಥ ಒಂದು ಸೇವೆಗೆ ತಿಂಗಳ ಚಂದಾ ಕಟ್ಟಿ ಕ್ರಿಕೆಟ್ ಆಟವನ್ನೇ ಪರೀಕ್ಷೆಗೆ ಹಿಡಿದೆ. ಬೆಳಿಗ್ಗೆ ಹತ್ತು ಗಂಟೆಗೆ ಚೆನ್ನಾಗಿಯೇ ಬಾರಿಸುತ್ತಿದ್ದವನು ರಾತ್ರಿ ಒಂಬತ್ತಕ್ಕೆ ಅದೇ ಬೌಲರನ ಎದುರು ಮೂರು ಎಸೆತಗಳಲ್ಲಿ ಮೂರು ಸಲ ಬೌಲ್ಡ್ ಆದೆ. ವಿಕೆಟ್ ಉರುಳಿದ ಮೇಲೆ ನನ್ನ ಬ್ಯಾಟು ನಿಧಾನವಾಗಿ ಬೀಸಿಕೊಂಡು ಬರುವುದನ್ನು ನಾನೇ ಕಣ್ಣಾರೆ ಕಂಡೆ. ಅಳೆದು ನೋಡಿದರೆ ಬೆಳಿಗ್ಗೆ 22 ಮಿಲಿಸೆಕೆಂಡಿನಲ್ಲಿ ನಿಂತಿದ್ದ ಪಿಂಗ್ ರಾತ್ರಿ 30ರಿಂದ 140ರವರೆಗೆ ಕುಣಿಯುತ್ತಿತ್ತು. ಒಂದೇ ಸಮನೆ 60 ಇದ್ದರೆ ಕೈ ಹೇಗೋ ಹೊಂದಿಕೊಳ್ಳುತ್ತದೆ, ಹೀಗೆ ಕುಣಿಯುವುದಕ್ಕೆ ಹೊಂದಿಕೊಳ್ಳಲು ಯಾರಿಂದಲೂ ಆಗುವುದಿಲ್ಲ. ನಾನು ಇಂಟರ್‌ನೆಟ್ ಕಂಪನಿಯನ್ನು ಬೈದುಕೊಂಡೆ. ಆಮೇಲೆ ನೋಡಿದರೆ ದೋಷದ ಬಹುಪಾಲು ನಮ್ಮ ಮನೆಯದೇ ಆಗಿತ್ತು. ದೇವರಮನೆಯ ಗೋಡೆಯ ಆಚೆಗಿದ್ದ ರೂಟರು 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಅಕ್ಕಪಕ್ಕದ ಮನೆಗಳ ರೂಟರುಗಳೊಂದಿಗೆ ಪೈಪೋಟಿಗಿಳಿದಿತ್ತು. ರೂಟರಿನಿಂದ ಲ್ಯಾಪ್‌ಟಾಪಿಗೆ ನೇರವಾಗಿ ಒಂದು ಕೇಬಲ್ ಎಳೆದದ್ದೇ ತಡ, ರಾತ್ರಿಯ ಕುಣಿತ ಮುಕ್ಕಾಲುಪಾಲು ನಿಂತಿತು. ಕೇಬಲಿಗೆ ಎಡವಿದ ಮನೆಯವರ ಗೊಣಗಾಟ ಮಾತ್ರ ಇನ್ನೂ ನಿಂತಿಲ್ಲ.

ಇನ್ನು ಊರಿನ ಮಾತು. ಒಳ್ಳೆಯ ಗುಣಮಟ್ಟದ ಚಿತ್ರಕ್ಕೆ 20 ಎಂಬಿಪಿಎಸ್ ಹಿಡಿದರೂ ಗಂಟೆಗೆ 9 ಜಿಬಿ ಡೇಟಾ ಖರ್ಚಾಗುತ್ತದೆ. ಮೊಬೈಲಿನ ದಿನಕ್ಕೆ 2 ಜಿಬಿ ಪ್ಯಾಕು ಹದಿಮೂರು ನಿಮಿಷಕ್ಕೆ ಖಾಲಿ. ಆದ್ದರಿಂದ ಹಾಟ್‌ಸ್ಪಾಟ್ ನಂಬಿಕೊಂಡು ಆಡುವ ಮಾತು ಬೇಡ. ಫೈಬರ್ ಸಂಪರ್ಕವಿರುವ ಮನೆಗಳಿಗೆ ಈ ಚಿಂತೆ ಅಷ್ಟಾಗಿ ಇಲ್ಲ. ನಿಮ್ಮ ಹಳ್ಳಿಗೆ ಫೈಬರ್ ಬಂದಿಲ್ಲವಾದರೆ 2023ರಿಂದ ಏರ್‌ಫೈಬರ್ ಎಂಬ ಹೆಸರಿನಲ್ಲಿ ಕೊಡುತ್ತಿರುವ ಫೈವ್‌ಜಿ ಸಂಪರ್ಕವಿದೆ. ಅದರಲ್ಲಿ ವೇಗ ಸಾಕಷ್ಟು ಸಿಗುತ್ತದೆ, ಆದರೆ ಟವರು ದೂರವಿದ್ದರೆ ಅಥವಾ ಸಂಜೆ ಊರೆಲ್ಲ ಅದೇ ಟವರಿಗೆ ಜೋತುಬಿದ್ದರೆ ಪಿಂಗ್ ನಿಲ್ಲುವುದಿಲ್ಲ. ಕರೆಂಟು ಹೋದರೆ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಡೆದೀತು, ರೂಟರು ನಡೆಯದು. ಅದಕ್ಕೆಂದೇ ಅಂಗೈಯಗಲದ ಯುಪಿಎಸ್‌ಗಳು ಅಂಗಡಿಯಲ್ಲಿ ಸಿಗುತ್ತವೆ.

ನನ್ನ ಸಲಹೆ ಇಷ್ಟು: ವರ್ಷದ ಚಂದಾ ಬೇಡ, ಒಂದೇ ತಿಂಗಳಿನದು ಕಟ್ಟಿ, ನಿಮ್ಮ ಮಗ ಇರುವ ಕೋಣೆಯಲ್ಲಿ ರಾತ್ರಿ ಎಂಟರಿಂದ ಹತ್ತರವರೆಗೆ ಒಂದು ವಾರ ಆಡಿ ನೋಡಲಿ. ಕಥೆಯ ಆಟ, ಊರು ಕಟ್ಟುವ ಆಟ, ಬೇಸಾಯದ ಆಟಗಳನ್ನು ಇಷ್ಟಪಡುವವನಾದರೆ ಅವನಿಗೆ ಲ್ಯಾಪ್‌ಟಾಪಿನ ಅಗತ್ಯ ಬೀಳದಿರಬಹುದು. ಗೆಳೆಯರ ಎದುರು ಗುಂಡು ಹಾರಿಸುವ ಸ್ಪರ್ಧೆಯ ಆಟಗಳೇ ಬೇಕೆಂದರೆ ಕ್ಲೌಡ್ ಅವನಿಗೆ ತೃಪ್ತಿ ಕೊಡದು. ಓದಿಗೆ ತ್ರೀಡಿ ವಿನ್ಯಾಸದಂಥ ತಂತ್ರಾಂಶಗಳು ಬೇಕಾಗಿದ್ದರೆ ಅದು ಬೇರೆಯೇ ವಿಚಾರ, ಅದನ್ನು ಅವನ ಅಧ್ಯಾಪಕರಲ್ಲಿ ಕೇಳಿ ತಿಳಿಯಿರಿ.

ಪ್ರಶ್ನೆ: ಎಂಟು ಕಂಪ್ಯೂಟರುಗಳ ಗೇಮಿಂಗ್ ಸೆಂಟರ್ ನಡೆಸುತ್ತಿದ್ದೇನೆ. ಗ್ರಾಫಿಕ್ಸ್ ಕಾರ್ಡುಗಳು ಹಳೆಯವಾಗಿವೆ. ಹೊಸವನ್ನು ಹಾಕಿಸುವ ಬದಲು ಎಲ್ಲವನ್ನೂ ಕ್ಲೌಡ್‌ಗೆ ಬದಲಾಯಿಸಬಹುದೇ?
ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ. ಇಂಥ ಸೇವೆಗಳ ಚಂದಾ ಸಾಮಾನ್ಯವಾಗಿ ಸ್ವಂತ ಬಳಕೆಗೆ ಮಾತ್ರ. ಅದನ್ನು ಗಂಟೆಗಿಷ್ಟು ಎಂದು ಗಿರಾಕಿಗಳಿಗೆ ಬಾಡಿಗೆಗೆ ಕೊಡುವುದು ಷರತ್ತುಗಳಿಗೆ ವಿರುದ್ಧವಾಗುತ್ತದೆ, ಖಾತೆಯೇ ಮುಚ್ಚಿಹೋಗಬಹುದು. ಜೊತೆಗೆ ಎಂಟು ಜನ ಒಟ್ಟಿಗೆ ಕುಳಿತರೆ ಒಬ್ಬರಿಗೆ 25ರಂತೆ 200 ಎಂಬಿಪಿಎಸ್ ಕದಲದೆ ಹರಿಯಬೇಕು, ಲೈನು ಹೋದ ದಿನ ಎಂಟೂ ಕುರ್ಚಿಗಳು ಖಾಲಿ. ಹುಡುಗರು ನಿಮ್ಮಲ್ಲಿಗೆ ಬರುವುದೇ ಮನೆಯಲ್ಲಿ ಸಿಗದ ಚುರುಕಿಗಾಗಿ. ಎಂಟಕ್ಕೂ ಒಮ್ಮೆಗೇ ಹಾಕಿಸಲು ಕಷ್ಟವಾದರೆ ನಾಲ್ಕಕ್ಕೆ ಹೊಸ ಕಾರ್ಡು ಹಾಕಿಸಿ, ಉಳಿದವನ್ನು ಹಗುರವಾದ ಆಟಗಳಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಗೂಗಲ್ಲಿನಂಥ ಗೂಗಲ್ಲೇ ತನ್ನ ಸ್ಟೇಡಿಯಾ ಸೇವೆಯನ್ನು ಮುಚ್ಚಿತು. ಹಾಗಿರುವಾಗ ಕ್ಲೌಡ್ ಗೇಮಿಂಗ್‌ಗೆ ಭವಿಷ್ಯವಿದೆಯೇ? ಈ ಕ್ಷೇತ್ರದಲ್ಲಿ ಕೆಲಸ ಸಿಕ್ಕೀತೆ?
ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಸೋತವರಲ್ಲಿ ಗೂಗಲ್ ಮೊದಲಿನದಲ್ಲ. ಅಮೆರಿಕದಲ್ಲಿ 2010ರಲ್ಲಿ ಆರಂಭವಾದ ಆನ್‌ಲೈವ್ ಎಂಬ ಕ್ಲೌಡ್ ಗೇಮಿಂಗ್ ಸೇವೆ 2015ರ ಏಪ್ರಿಲ್‌ನಲ್ಲಿ ಮುಚ್ಚಿಹೋಯಿತು, ಅದರ ಪೇಟೆಂಟುಗಳನ್ನು ಸೋನಿ ಕೊಂಡುಕೊಂಡಿತು. ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಬಂದು 2023ರ ಜನವರಿ 18ರಂದು ನಿಂತಿತು; ಭಾರತಕ್ಕೆ ಅದು ಕಾಲಿಡಲೇ ಇಲ್ಲ. ಅದರ ತಂತ್ರಜ್ಞಾನ ಕಳಪೆಯಾಗಿತ್ತೆಂದು ಬಳಸಿದವರು ಹೆಚ್ಚಾಗಿ ಹೇಳಲಿಲ್ಲ. ಅಲ್ಲಿ ಆಟಗಳನ್ನು ಪೂರ್ತಿ ಬೆಲೆ ಕೊಟ್ಟು ಬಿಡಿಯಾಗಿ ಕೊಳ್ಳಬೇಕಿತ್ತು, ಕೊಂಡದ್ದು ಸ್ಟೇಡಿಯಾ ಬಿಟ್ಟು ಬೇರೆಲ್ಲೂ ನಡೆಯುತ್ತಿರಲಿಲ್ಲ. ಅಂಗಡಿ ಬಾಗಿಲು ಹಾಕಿದಾಗ ಗೂಗಲ್ ಆಟಗಳ ಹಣವನ್ನೂ ತಾನು ಮಾರಿದ ಕಂಟ್ರೋಲರುಗಳ ಹಣವನ್ನೂ ಹಿಂದಿರುಗಿಸಿತು. ಹಾಗೆ ಹಿಂದಿರುಗಿಸುವ ಶಕ್ತಿ ಎಲ್ಲ ಕಂಪನಿಗಳಿಗೂ ಇರುವುದಿಲ್ಲ.

ಈ ವ್ಯವಹಾರ ಕಷ್ಟವಾಗಲು ಕಾರಣವನ್ನು ನಮ್ಮ ಕಡೆಯ ಅಡುಗೆಮನೆಯಿಂದಲೇ ವಿವರಿಸಬಹುದು. ಚಲನಚಿತ್ರ ತೋರಿಸುವ ಸೇವೆ ಮದುವೆಮನೆಯ ಹುಳಿಯಿದ್ದಂತೆ: ಒಮ್ಮೆ ಕೊಪ್ಪರಿಗೆಯಲ್ಲಿ ಕುದಿಸಿಟ್ಟರೆ ಐದು ನೂರು ಎಲೆಗಳಿಗೆ ಬಡಿಸಬಹುದು, ಇನ್ನೂ ಐವತ್ತು ಜನ ಬಂದರೂ ಹೇಗೋ ಸುಧಾರಿಸಬಹುದು. ಕ್ಲೌಡ್ ಗೇಮಿಂಗ್ ಮಸಾಲೆ ದೋಸೆಯಿದ್ದಂತೆ. ಒಬ್ಬೊಬ್ಬರಿಗೂ ಅವರವರ ದೋಸೆಯನ್ನು ಆಗಲೇ ಕಾವಲಿಯ ಮೇಲೆ ಹುಯ್ಯಬೇಕು, ಒಬ್ಬರಿಗೆ ಹುಯ್ದದ್ದು ಇನ್ನೊಬ್ಬರಿಗೆ ಒದಗುವುದಿಲ್ಲ. ಆಡುತ್ತಿರುವಷ್ಟು ಹೊತ್ತೂ ದುಬಾರಿ ಗ್ರಾಫಿಕ್ಸ್ ಕಾರ್ಡಿನ ಒಂದು ಪಾಲು ಒಬ್ಬ ಆಟಗಾರನಿಗೇ ಮೀಸಲು. ಅದೂ ಎಲ್ಲರಿಗೂ ಹಸಿವಾಗುವುದು ರಾತ್ರಿ ಎಂಟಕ್ಕೆ. ಆ ಹೊತ್ತಿಗೆ ಸಾಲುವಷ್ಟು ಕಾವಲಿಗಳನ್ನು ಕೊಂಡಿಟ್ಟರೆ ಬೆಳಗಿನ ಜಾವ ಅವು ತಣ್ಣಗೆ ಬಿದ್ದಿರುತ್ತವೆ. ಆಟಗಾರರನ್ನು ಸರದಿಯಲ್ಲಿ ಕಾಯಿಸುವುದು, ತಿಂಗಳಿಗೆ ಇಷ್ಟೇ ಗಂಟೆ ಎಂದು ಮಿತಿ ಹಾಕುವುದು ಇದರಿಂದಾಗಿಯೇ.

ಇನ್ನೊಂದು ತೊಡಕು ಹಕ್ಕಿನದು. ಗ್ರಾಫಿಕ್ಸ್ ಕಾರ್ಡು ತಯಾರಿಸುವ ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ ನೌ ಎಂಬ ಕ್ಲೌಡ್ ಸೇವೆಯಲ್ಲಿ, ನಾವು ಬೇರೆ ಅಂಗಡಿಯಲ್ಲಿ ಮೊದಲೇ ಕೊಂಡಿರುವ ಆಟವನ್ನು ಅವರ ಯಂತ್ರದಲ್ಲಿ ಆಡಬಹುದು. ನ್ಯಾಯವಾಗಿ ನೋಡಿದರೆ ಇದು ನನ್ನ ಪುಸ್ತಕವನ್ನು ಇನ್ನೊಬ್ಬರ ಮನೆಯ ದೀಪದಲ್ಲಿ ಓದಿದಂತೆ, ತಕರಾರಿಗೆ ಎಡೆಯಿಲ್ಲ. ಆದರೂ 2020ರ ಫೆಬ್ರುವರಿಯಲ್ಲಿ ಅದು ಪರೀಕ್ಷಾ ಹಂತ ದಾಟಿ ಎಲ್ಲರಿಗೂ ತೆರೆದುಕೊಂಡಾಗ ಆಕ್ಟಿವಿಷನ್ ಬ್ಲಿಜರ್ಡ್, ಬೆಥೆಸ್ಡಾದಂಥ ಪ್ರಕಾಶಕರು ತಮ್ಮ ಆಟಗಳನ್ನು ಹಿಂತೆಗೆದುಕೊಂಡರು. ಆಮೇಲೆ ಆಕ್ಟಿವಿಷನ್ ಅನ್ನೇ ಮೈಕ್ರೋಸಾಫ್ಟ್ ಕೊಳ್ಳಲು ಹೊರಟಾಗ, ಕ್ಲೌಡ್ ಗೇಮಿಂಗ್ ಒಬ್ಬರ ಮುಷ್ಟಿಗೆ ಹೋದೀತೆಂಬ ಕಾರಣಕ್ಕೆ ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು 2023ರ ಏಪ್ರಿಲ್‌ನಲ್ಲಿ ತಡೆದರು. ಯುರೋಪಿನ ಆರ್ಥಿಕ ವಲಯದ ಹೊರಗೆ ಆಕ್ಟಿವಿಷನ್ ಆಟಗಳ ಕ್ಲೌಡ್ ಹಕ್ಕುಗಳನ್ನು ಯುಬಿಸಾಫ್ಟ್ ಎಂಬ ಇನ್ನೊಂದು ಆಟದ ಕಂಪನಿಗೆ ಬಿಟ್ಟುಕೊಟ್ಟ ಮೇಲಷ್ಟೇ ಆ ವರ್ಷದ ಅಕ್ಟೋಬರ್‌ನಲ್ಲಿ ವ್ಯವಹಾರ ಮುಗಿಯಿತು. ಇನ್ನೂ ಗಟ್ಟಿಯಾಗಿ ನೆಲೆಯೂರದ ಸೇವೆಗಾಗಿ ಇಷ್ಟೊಂದು ಹಗ್ಗಜಗ್ಗಾಟ ನಡೆಯಿತೆಂದರೆ, ಅದರ ಭವಿಷ್ಯವನ್ನು ಬಲ್ಲವರು ಹಗುರವಾಗಿ ಎಣಿಸಿಲ್ಲವೆಂದೇ ಅರ್ಥ.

ಈಗ ಉಳಿದುಕೊಂಡಿರುವ ಸೇವೆಗಳನ್ನು ಗಮನಿಸಿ. ಮೈಕ್ರೋಸಾಫ್ಟ್ 2020ರ ಸೆಪ್ಟೆಂಬರಿನಲ್ಲಿ ಕ್ಲೌಡ್ ಅನ್ನು ಗೇಮ್ ಪಾಸ್ ಚಂದಾದೊಳಗೆ ಸೇರಿಸಿತು, ಸೋನಿ ತನ್ನ ಪ್ಲೇಸ್ಟೇಷನ್ ನೌ ಸೇವೆಯನ್ನು 2022ರಲ್ಲಿ ಪ್ಲೇಸ್ಟೇಷನ್ ಪ್ಲಸ್‌ನೊಂದಿಗೆ ಬೆಸೆಯಿತು, ನಮ್ಮಲ್ಲಿ ಜಿಯೋ ತನ್ನ ಸಂಪರ್ಕ ಜಾಲಕ್ಕೆ ಹೊಂದಿಸಿಕೊಂಡು ಜಿಯೋ ಗೇಮ್ಸ್ ಕ್ಲೌಡ್ ತಂದಿದೆ. ಇವರಲ್ಲಿ ಯಾರೂ ಇದನ್ನು ಒಂಟಿ ಅಂಗಡಿಯಾಗಿ ನಂಬಿ ಕುಳಿತಿಲ್ಲ. ಕನ್ಸೋಲನ್ನು, ಅಂದರೆ ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್‌ನಂಥ ಯಂತ್ರವನ್ನು, ಇದು ಅಳಿಸಿಹಾಕುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಇಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 5 ಕೊಳ್ಳಲಾಗದೆ ಮೊಬೈಲಿನಲ್ಲೇ ಆಡುತ್ತಿರುವ ಅಸಂಖ್ಯಾತ ಮಂದಿಗೆ ಇದು ಎರಡನೆಯ ಬಾಗಿಲಾಗಬಹುದು. ಕಡಿಮೆ ಡೇಟಾದಲ್ಲಿ ಅಷ್ಟೇ ಚೆನ್ನಾದ ಚಿತ್ರ ಕೊಡುವ ಎವಿ1ನಂಥ ವಿಡಿಯೊ ವಿಧಾನಗಳು ಹರಡಿದಷ್ಟೂ, ಸರ್ವರುಗಳು ಮುಂಬೈಯಿಂದ ಬೆಂಗಳೂರಿನಂಥ ಹತ್ತಿರದ ಊರುಗಳಿಗೆ ಬಂದಷ್ಟೂ ಆ ಬಾಗಿಲು ಅಗಲವಾಗುತ್ತದೆ.

ಕೆಲಸದ ವಿಚಾರ. ಆಟದ ಚಿತ್ರ ಬಿಡಿಸುವವರಿಗಿಂತ ಇಲ್ಲಿ ಬೇಕಾಗುವವರು ಬೇರೆ: ವಿಡಿಯೊವನ್ನು ಬೇಗ ಕುಗ್ಗಿಸಬಲ್ಲವರು, ಜಾಲದಲ್ಲಿ ಹೊತ್ತು ಎಲ್ಲಿ ಸೋರುತ್ತಿದೆ ಎಂದು ಹುಡುಕಬಲ್ಲವರು, ಸಾವಿರಾರು ಯಂತ್ರಗಳಲ್ಲಿ ಯಾವುದನ್ನು ಯಾರಿಗೆ ಕೊಡಬೇಕೆಂದು ಹಂಚಬಲ್ಲವರು. ಲಿನಕ್ಸ್, ಸಿ++, ಕಂಪ್ಯೂಟರ್ ನೆಟ್‌ವರ್ಕ್ ಈ ಮೂರನ್ನು ಗಟ್ಟಿ ಮಾಡಿಕೊಳ್ಳಿ. ಆಟದ ಉದ್ಯಮ ಕೈಕೊಟ್ಟರೂ ದೂರದಿಂದ ಯಂತ್ರ ನಡೆಸುವ ಇತರ ಉದ್ಯಮಗಳಲ್ಲಿ ಇದೇ ಕಸುಬು ನಡೆಯುತ್ತದೆ.

ಪ್ರಶ್ನೆ: ಆನ್‌ಲೈನ್ ಆಟಗಳನ್ನು ಸರ್ಕಾರ ನಿಷೇಧಿಸಿದೆಯಲ್ಲವೇ? ನನ್ನ ಮೊಮ್ಮಗ ತಿಂಗಳ ಚಂದಾ ಕಟ್ಟಿ ಆಡುತ್ತಾನೆ. ಅವನ ತಾತನ ಖಾತೆಯಿಂದ ಪ್ರತಿ ತಿಂಗಳೂ ಹಣ ಹೋಗುತ್ತಿದೆ.
ಓದುಗರು, ಮಳವಳ್ಳಿ

ಉತ್ತರ: ಅಮ್ಮ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಹಣ ಗೆಲ್ಲುವ ಆಸೆ ತೋರಿಸುವ ಆಟಗಳನ್ನು. ಪಣವಿಲ್ಲದೆ, ಬರೀ ಆಡಲು ಕಟ್ಟುವ ಚಂದಾಕ್ಕೆ ಅದರಲ್ಲಿ ಅಡ್ಡಿಯಿಲ್ಲ. ಪ್ರತಿ ತಿಂಗಳೂ ಹಣ ಹೋಗುತ್ತಿರುವುದು ಮೊಮ್ಮಗ ಮೊದಲ ಸಲ ಕಟ್ಟುವಾಗಲೇ ‘ಆಟೋಪೇ’ಗೆ ಒಪ್ಪಿಗೆ ಕೊಟ್ಟಿರುವುದರಿಂದ ಇರಬೇಕು. ತಾತನವರ ಫೋನಿನಲ್ಲಿ ಹಣ ಕಳಿಸುವ ಯುಪಿಐ ಆ್ಯಪನ್ನು ತೆರೆದು ಆಟೋಪೇ ಎಂಬಲ್ಲಿ ಒತ್ತಿದರೆ ಯಾರು ಯಾರಿಗೆ ಎಷ್ಟು ಹೋಗುತ್ತಿದೆ ಎಂಬ ಪಟ್ಟಿ ಕಾಣಿಸುತ್ತದೆ, ಅಲ್ಲಿಯೇ ರದ್ದು ಮಾಡಬಹುದು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಅವನು ಆಡುವುದನ್ನೇ ಬಿಟ್ಟು ಮರೆತುಹೋದ ಹಳೆಯ ಚಂದಾಗಳು ಇನ್ನೊಂದೆರಡು ಅದೇ ಪಟ್ಟಿಯಲ್ಲಿ ಸಿಕ್ಕರೂ ಸಿಗಬಹುದು.